ಸಂಖ್ಯೆಗೆ ಬಂದ ಬರ

2011ರ ಮಾರ್ಚ್. ದಿವಾಳಿಯೆದ್ದ ಕೆನಡಾದ ನಾರ್ಟೆಲ್ ಕಂಪನಿಯ ಆಸ್ತಿಪಾಸ್ತಿ ಒಂದೊಂದಾಗಿ ವಿಲೇವಾರಿಯಾಗುತ್ತಿತ್ತು. ಆಗ ಮೈಕ್ರೋಸಾಫ್ಟ್ ಅಲ್ಲಿಂದ ಕೊಳ್ಳಲು ಹೊರಟ ಸರಕು ಹೊರಗಿನವರಿಗೆ ವಿಚಿತ್ರವಾಗಿ ಕಂಡಿರಬೇಕು: ಬರೀ ಸಂಖ್ಯೆಗಳು. 6,66,624 ಸಂಖ್ಯೆಗಳಿಗೆ 75 ಲಕ್ಷ ಡಾಲರ್, ಅಂದರೆ ಒಂದಕ್ಕೆ ಹನ್ನೊಂದೂಕಾಲು ಡಾಲರ್. ಒಂದು ಕಾಲಕ್ಕೆ ಕೇಳಿದವರಿಗೆ ಪುಕ್ಕಟೆಯಾಗಿ ಹಂಚುತ್ತಿದ್ದ ಸಂಖ್ಯೆಗಳಿವು.

ಇಂಟರ್ನೆಟ್‌ಗೆ ಸೇರುವ ಯಂತ್ರಕ್ಕೆ ಒಂದು ವಿಳಾಸ ಬೇಕು. ಆ ವಿಳಾಸಕ್ಕೆ ಬೀದಿಯ ಹೆಸರಿಲ್ಲ, ಊರಿಲ್ಲ. ಚುಕ್ಕೆಯಿಟ್ಟು ಬಿಡಿಸಿದ ನಾಲ್ಕು ಸಂಖ್ಯೆಗಳಿವೆ, ಪ್ರತಿಯೊಂದೂ 0ಯಿಂದ 255ರೊಳಗಿನದು. ಮೈಕ್ರೋಸಾಫ್ಟ್ ಕೊಳ್ಳಲು ಹೊರಟದ್ದು ಇಂಥ ವಿಳಾಸಗಳನ್ನೇ. ಹೀಗೆ ಬರೆಯಬಹುದಾದ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಭೂಮಿಯ ಮೇಲಿನ ಜನರಿಗೆ ತಲೆಗೊಂದರಂತೆಯೂ ಸಾಲದು.

ಇಷ್ಟು ಕಡಿಮೆ ಯಾಕೆ ಇಟ್ಟರು ಎಂದು ಇಂದು ಕೇಳುವುದು ಸುಲಭ. 1974ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಬೇರೆ ಬೇರೆ ಜಾಲಗಳನ್ನು ಹೆಣೆಯುವ ಬಗೆಯನ್ನು ಮೊದಲ ಬಾರಿ ಪ್ರಬಂಧವಾಗಿ ಬರೆದಾಗ, ಜಗತ್ತಿನಲ್ಲಿ 256 ಜಾಲಗಳಿಗೆ ಜಾಗವಿದ್ದರೆ ಸದ್ಯಕ್ಕೆ ಧಾರಾಳವಾಯಿತು ಎಂದುಕೊಂಡಿದ್ದರು. ಆಗ ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾನೆಟ್ ಜಾಲ ಹುಟ್ಟಿ ಐದೇ ವರ್ಷವಾಗಿತ್ತು. ವಿಳಾಸದ ಉದ್ದ ಎಷ್ಟಿರಬೇಕೆಂದು ಮುಂದೆ ವಾದ ಎದ್ದಿತು. 128 ಬಿಟ್ (0 ಅಥವಾ 1ರ ಸ್ಥಾನ) ಇರಲಿ ಎಂದವರಿದ್ದರು, ಬೇಕಾದಷ್ಟು ಉದ್ದ ಬೆಳೆಯುವಂತಿರಲಿ ಎಂದವರೂ ಇದ್ದರು. ಆದರೆ ಕಳಿಸುವವರ ಮತ್ತು ಪಡೆಯುವವರ ವಿಳಾಸವನ್ನು ಮಾಹಿತಿಯ ಪ್ರತಿ ಪೊಟ್ಟಣವೂ, ಅಂದರೆ ಪ್ಯಾಕೆಟ್ಟೂ, ಹೊತ್ತು ಸಾಗಬೇಕು. ದೂರದ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವವನು ಒಂದು ಅಕ್ಷರ ಒತ್ತಿದರೆ ಆ ಒಂದು ಅಕ್ಷರಕ್ಕೇ ಒಂದು ಪ್ಯಾಕೆಟ್ ಹೊರಡುತ್ತಿತ್ತು. 128 ಬಿಟ್ ಆದರೆ ಅಕ್ಷರ ಒಂದು, ಎರಡು ವಿಳಾಸಗಳ ಭಾರ ಮೂವತ್ತೆರಡು ಅಕ್ಷರಗಳಷ್ಟು! ಅಂದಿನ ನಿಧಾನದ ತಂತಿಗಳಿಗೆ ಇದು ಹೊರೆಯೇ. 1977ರಲ್ಲಿ ಸರ್ಫ್ 32 ಬಿಟ್, ಅಂದರೆ ಆ 429 ಕೋಟಿ ವಿಳಾಸ, ಎಂದು ಷರಾ ಬರೆದರು. ಹೇಗಿದ್ದರೂ ಇದೊಂದು ಪ್ರಯೋಗ, ಗೆದ್ದರೆ ದೊಡ್ಡದನ್ನು ಆಮೇಲೆ ಕಟ್ಟಿದರಾಯಿತು ಎಂಬುದು ಲೆಕ್ಕ. ಆ ಪ್ರಯೋಗ ಮುಗಿಯಲೇ ಇಲ್ಲ ಎಂದು ಅವರೇ ಮುಂದೆ ಹಲವು ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ.

ಆ ಕಾಲದಲ್ಲಿ ನಿಯಮ ಬದಲಿಸುವುದು ಕಷ್ಟವೂ ಆಗಿರಲಿಲ್ಲ. ಅರ್ಪಾನೆಟ್‌ನ ಹಳೆಯ ಎನ್‌ಸಿಪಿ ಪದ್ಧತಿಯನ್ನು ಬಿಟ್ಟು ಎಲ್ಲರೂ 32 ಬಿಟ್ ವಿಳಾಸದ ಹೊಸ ಟಿಸಿಪಿ/ಐಪಿಗೆ ಬರಬೇಕೆಂದು 1981ರ ನವೆಂಬರ್‌ನಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಯೋಜನೆ ಬರೆದರು. ಗಡುವು 1983ರ ಜನವರಿ 1. ಎಲ್ಲ ಕಡೆಯಂತೆ ಅಲ್ಲೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1982ರ ನಡುವಿನಲ್ಲಿ ಒಂದು ದಿನದ ಮಟ್ಟಿಗೆ ಹಳೆಯ ಪದ್ಧತಿಯನ್ನೇ ನಿಲ್ಲಿಸಿಬಿಟ್ಟರು. ಬದಲಾಗದವರ ಯಂತ್ರಗಳು ಮೂಕವಾದವು. ಮತ್ತೆ ಕೆಲವು ತಿಂಗಳಿಗೆ ಎರಡು ದಿನ ನಿಲ್ಲಿಸಿದರು. ಎಚ್ಚರಿಕೆ ತಲುಪಿತು! ಸುಮಾರು 400 ಯಂತ್ರಗಳ ಆ ಜಾಲ ಹೊಸ ವರ್ಷದ ದಿನ ಮಗ್ಗುಲು ಬದಲಿಸಿತು. ಪಾರಾದವರು ‘ನಾನು ಬದುಕುಳಿದೆ’ ಎಂಬರ್ಥದ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡು ಓಡಾಡಿದರು. ಹಣ ಕೊಡುವವರೂ ಸ್ವಿಚ್ ಹಿಡಿದವರೂ ಒಬ್ಬರೇ, ರಕ್ಷಣಾ ಇಲಾಖೆಯೇ, ಆಗಿದ್ದರಿಂದ ನಡೆದ ಕೆಲಸ ಇದು.

ಹೊಸ ವಿಳಾಸಗಳನ್ನು ಹಂಚಿದ ರೀತಿ ಸಿದ್ಧ ಉಡುಪಿನ ಅಂಗಡಿಯಂತಿತ್ತು. ಮೂರೇ ಅಳತೆ: ಸಣ್ಣದು 256, ಮಧ್ಯಮ 65,536, ದೊಡ್ಡದು 1.67 ಕೋಟಿ. ಎರಡು ಸಾವಿರ ಕಂಪ್ಯೂಟರಿನ ಸಂಸ್ಥೆಗೆ ಸಣ್ಣದು ಬಿಗಿ, ಹಾಗಾಗಿ ಅದು ಮಧ್ಯಮವನ್ನೇ ಪಡೆದು ಅರವತ್ತು ಸಾವಿರವನ್ನು ಪೆಟ್ಟಿಗೆಯಲ್ಲಿಡುತ್ತಿತ್ತು. ಎಂಐಟಿ ವಿಶ್ವವಿದ್ಯಾಲಯಕ್ಕಂತೂ 18ರಿಂದ ಶುರುವಾಗುವ ದೊಡ್ಡ ಅಳತೆಯ ಇಡೀ ಕಟ್ಟು ಸಿಕ್ಕಿತು. ಮಧ್ಯಮ ಅಳತೆಯ ವಿಳಾಸಗಳು 1994ರ ಮಾರ್ಚ್ ಹೊತ್ತಿಗೆ ಖಾಲಿ ಎಂದು 1990ರ ಆಗಸ್ಟ್‌ನಲ್ಲಿ ವ್ಯಾಂಕೂವರ್‌ನ ಸಭೆಯೊಂದರಲ್ಲಿ ಎಂಜಿನಿಯರ್ ಫ್ರಾಂಕ್ ಸೊಲೆನ್ಸ್ಕಿ ಗ್ರಾಫ್ ತೋರಿಸಿದಾಗ ಎಂಜಿನಿಯರುಗಳು ಎದ್ದು ಕುಳಿತರು.

ಮುಂದಿನದು ನಾಟಕ. 1992ರ ಜೂನ್‌ನಲ್ಲಿ ಜಪಾನಿನ ಕೋಬೆಯಲ್ಲಿ ಸೇರಿದ ಇಂಟರ್ನೆಟ್ ಆರ್ಕಿಟೆಕ್ಚರ್ ಮಂಡಳಿ, ಹೊಸ ವಿಳಾಸ ವ್ಯವಸ್ಥೆಗೆ ಪ್ರತಿಸ್ಪರ್ಧಿ ಜಾಲ ಪದ್ಧತಿಯಾದ ಓಎಸ್‌ಐ ಪಾಳೆಯದ ಸಿಎಲ್‌ಎನ್‌ಪಿಯನ್ನೇ ತಳಹದಿಯಾಗಿ ಇಟ್ಟುಕೊಳ್ಳೋಣ ಎಂಬ ತೀರ್ಮಾನಕ್ಕೆ ಬಂತು. ಹತ್ತು ವರ್ಷ ಆ ಓಎಸ್‌ಐ ವಿರುದ್ಧವೇ ಸೆಣಸಿದ್ದ ಎಂಜಿನಿಯರುಗಳಿಗೆ ಇದು ಶತ್ರುವಿಗೆ ಮನೆಯ ಬೀಗದ ಕೈ ಕೊಟ್ಟಂತೆ. ಮರುತಿಂಗಳು ಅಮೆರಿಕದ ಕೇಂಬ್ರಿಜ್‌ನಲ್ಲಿ ಸಭೆ ಸೇರಿದಾಗ ಸಿಟ್ಟು ಸಿಡಿಯಿತು. ಮೂರು ತುಂಡಿನ ಸೂಟು ಬಿಟ್ಟರೆ ಬೇರೆ ತೊಡದ ಸರ್ಫ್, ಭಾಷಣದ ನಡುವೆ ಕೋಟು, ಟೈ, ಶರ್ಟು ಒಂದೊಂದಾಗಿ ಕಳಚಿ ಒಳಗಿದ್ದ ಟೀ ಶರ್ಟ್ ತೋರಿಸಿ ವಾತಾವರಣ ತಿಳಿಗೊಳಿಸಿದರು. ನಮಗೆ ರಾಜರೂ ಬೇಡ, ಮತದಾನವೂ ಬೇಡ, ಒಮ್ಮತ ಮತ್ತು ಕೆಲಸ ಮಾಡುವ ಪ್ರೋಗ್ರಾಂ ಸಾಕು ಎಂಬ ಅರ್ಥದ ಡೇವಿಡ್ ಕ್ಲಾರ್ಕ್‌ರ ಮಾತು ಅದೇ ಸಭೆಯದ್ದು. ಮಂಡಳಿ ಹಿಂದೆ ಸರಿಯಿತು, ಅಧಿಕಾರವನ್ನೂ ಕಳೆದುಕೊಂಡಿತು. ಇಲ್ಲಿಂದ ಮುಂದೆ ಇಂಥ ದಿನ ಬದಲಾಗಿ ಎಂದು ಆಜ್ಞೆ ಮಾಡುವವರು ಯಾರೂ ಉಳಿಯಲಿಲ್ಲ. ಈ ಕಥೆಯ ಬಹುಪಾಲು ತಡಕ್ಕೆ ಕಾರಣ ಇದೇ ಇರಬೇಕು.

ಹಾಗೆಂದು ಯೋಜನೆಯಲ್ಲಿ ಕೊರತೆಯಿರಲಿಲ್ಲ. ಹೊಸ ಪದ್ಧತಿಯ ಆಯ್ಕೆಗೆ ಸ್ಕಾಟ್ ಬ್ರಾಡ್ನರ್ ಮತ್ತು ಆಲಿಸನ್ ಮ್ಯಾನ್ಕಿನ್ ಮೇಲುಸ್ತುವಾರಿಯಲ್ಲಿ ಕೇಬಲ್ ಟಿವಿಯವರು, ವಿದ್ಯುತ್ ಕ್ಷೇತ್ರದವರು, ನೌಕಾಪಡೆ, ಮೊಬೈಲ್ ಉದ್ಯಮ ಎಲ್ಲರಿಂದಲೂ ಅಭಿಪ್ರಾಯ ಬರೆಸಿಕೊಂಡರು. ಹಳೆಯ ವಿಳಾಸಗಳೆಲ್ಲ 2005 ಮತ್ತು 2011ರ ನಡುವೆ ಮುಗಿಯುತ್ತವೆ ಎಂದು ಲೆಕ್ಕ ಹಾಕಿದರು. 1994ರ ಜುಲೈನಲ್ಲಿ ಟೊರೊಂಟೊದಲ್ಲಿ ಆಯ್ಕೆ ಪ್ರಕಟವಾಯಿತು: 64 ಬಿಟ್‌ನ ಒಂದು ಪ್ರಸ್ತಾಪವನ್ನು 128ಕ್ಕೆ ಹಿಗ್ಗಿಸಿದ ಐಪಿವಿ6. ಬಳಕೆಯಲ್ಲಿದ್ದದ್ದು ನಾಲ್ಕನೆಯದು, ಐದನೆಯ ಸಂಖ್ಯೆ ಬೇರೊಂದು ಪ್ರಯೋಗಕ್ಕೆ ಹೋಗಿತ್ತು. ವಿಳಾಸಗಳೆಷ್ಟು? 34ರ ಮುಂದೆ 37 ಸೊನ್ನೆ.

ತೊಡಕಿದ್ದದ್ದು ಬೇರೆಡೆ. ಹಳೆಯ ವಿಳಾಸದ ಯಂತ್ರಕ್ಕೂ ಹೊಸ ವಿಳಾಸದ ಯಂತ್ರಕ್ಕೂ ನೇರ ಮಾತಿಲ್ಲ. ಎರಡೂ ಭಾಷೆ ಕಲಿತುಕೊಂಡು ಕಾಯಿರಿ ಎಂಬುದು ಯೋಜನೆ. ಮೊದಲು ಕಲಿತವನಿಗೆ ಖರ್ಚು ಉಂಟು, ಲಾಭವಿಲ್ಲ. ಅದೇ 1994ರಲ್ಲಿ ನ್ಯಾಟ್ ಎಂಬ ತಾತ್ಕಾಲಿಕ ತೇಪೆಯೂ ಬಂತು. ಕಚೇರಿಗೆ ಒಂದೇ ಫೋನ್ ನಂಬರ್, ಒಳಗೆ ಬೇಕಾದಷ್ಟು ಎಕ್ಸ್‌ಟೆನ್ಶನ್ ಇರುವಂತೆ ಮನೆಯ ಹತ್ತು ಸಾಧನಗಳು ಒಂದೇ ವಿಳಾಸದ ಹಿಂದೆ ಅಡಗಿದವು. ತೇಪೆ ಮೂವತ್ತು ವರ್ಷ ಬಾಳಿದೆ. ಆದರೂ ಹಳೆಯ ವಿಳಾಸಗಳ ಜಾಗತಿಕ ಉಗ್ರಾಣದ ಕೊನೆಯ ಐದು ದೊಡ್ಡ ಕಟ್ಟುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಟೊರೊಂಟೊದವರ ಲೆಕ್ಕ ಕರಾರುವಾಕ್ಕಾಗಿತ್ತು.

ಭಾರತ ಈ ಪಂಕ್ತಿಗೆ ತಡವಾಗಿ ಕುಳಿತದ್ದು. ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗಾಗಿ 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು, ಆದರೆ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕದ್ದು 1995ರ ಆಗಸ್ಟ್ 15ಕ್ಕೆ. ಕೋಟಿಗಟ್ಟಲೆ ಫೋನುಗಳಿಗೆ ಹಳೆಯ ವಿಳಾಸ ಎಲ್ಲಿಂದ ತರುವುದು? 2016ರಲ್ಲಿ ಬಂದ ಮೊಬೈಲ್ ಕಂಪನಿ ಜಿಯೋ ಮೊದಲಿನಿಂದಲೇ ಐಪಿವಿ6 ಹಿಡಿಯಿತು. ಗೂಗಲ್ ಅಳತೆಯಂತೆ ಈಗ ಭಾರತದ ಬಳಕೆದಾರರಲ್ಲಿ ಮೂರರಲ್ಲಿ ಎರಡು ಪಾಲು ಹೊಸ ದಾರಿಯಲ್ಲಿದ್ದಾರೆ. ಜಗತ್ತಿನ ಸರಾಸರಿ ಅರ್ಧದ ಆಸುಪಾಸಿನಲ್ಲಿದೆ.

ಎಂಐಟಿಯ ದೊಡ್ಡ ಕಟ್ಟು ಏನಾಯಿತು? 2017ರಲ್ಲಿ ಅದು ಬಳಸದೇ ಬಿದ್ದಿದ್ದ ವಿಳಾಸಗಳಲ್ಲಿ ಸುಮಾರು 80 ಲಕ್ಷವನ್ನು ಮಾರಲು ನಿರ್ಧರಿಸಿತು. ಅದರಲ್ಲಿ ದೊಡ್ಡ ಪಾಲು ಕೊಂಡದ್ದು ಅಮೆಜಾನ್. 2024ರ ಫೆಬ್ರವರಿಯಿಂದ ಅಮೆಜಾನ್ ತನ್ನ ಕ್ಲೌಡ್ ಗ್ರಾಹಕರು ಬಳಸುವ ಪ್ರತಿ ಹಳೆಯ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ಬಾಡಿಗೆ ವಸೂಲು ಮಾಡುತ್ತಿದೆ. ಎಂಐಟಿ ತನಗೆ ಬಂದ ಹಣದಲ್ಲಿ ಒಂದು ಭಾಗವನ್ನು ತನ್ನ ಜಾಲದ ಸುಧಾರಣೆಗೆ ಎತ್ತಿಟ್ಟಿತು. ಆ ಸುಧಾರಣೆಯಲ್ಲಿ ಐಪಿವಿ6ಗೆ ಸಾಗುವುದೂ ಸೇರಿತ್ತು.