ತೆಂಗಿನಿಂದ ತೊಡಗಿದ ಮಹಾಗ್ರಂಥ

ನಾವು ತೆಂಗು, ಕಂಗು ಎಂದು ಕರೆಯುವ ಮರಗಳು 1678ರಲ್ಲಿಯೇ ‘ತೆಂಗ’, ‘ಕೌಂಗ’ ಎಂಬ ಮಲಯಾಳಂ ಹೆಸರುಗಳೊಂದಿಗೆ ಯುರೋಪಿನ ಪುಸ್ತಕವೊಂದರಲ್ಲಿ ಅಚ್ಚಾಗಿದ್ದವು. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಪ್ರಕಟವಾದ ಆ ಲ್ಯಾಟಿನ್ ಗ್ರಂಥವೇ ‘ಹೊರ್ತುಸ್ ಮಲಬಾರಿಕುಸ್’, ಅಂದರೆ ಮಲಬಾರಿನ ತೋಟ. 1693ರ ವರೆಗೆ ಅದರ 12 ಸಂಪುಟಗಳು ಹೊರಬಂದವು. 742 ಸಸ್ಯಗಳ ವಿವರ, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ದೊಡ್ಡ ಚಿತ್ರಗಳು, ಯಾವ ಗಿಡ ಯಾವ ಕಾಯಿಲೆಗೆ ಮದ್ದು ಎಂಬ ಮಾಹಿತಿ ಎಲ್ಲವೂ ಅದರಲ್ಲಿವೆ. ಮೊದಲ ಮುದ್ರಣದ 12 ಸಂಪುಟಗಳೂ ಒಟ್ಟಿಗೆ ಸಿಗುವುದು ಇಂದು ಬಹಳ ಅಪರೂಪ.

ಗ್ರಂಥದ ಮುಖಪುಟದಲ್ಲಿರುವ ಹೆಸರು ಕೊಚ್ಚಿಯ ಡಚ್ ಆಡಳಿತಗಾರ ಹೆಂಡ್ರಿಕ್ ವಾನ್ ರೀಡ್ ಅವರದು. ಆದರೆ ಕೆಲಸ ಹಲವು ಕೈಗಳದು. ಗಿಡಗಳ ಗುಣ ಹೇಳಿದವರು ಕಡಕ್ಕರಪ್ಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್. ಅವರೊಂದಿಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರಿದ್ದರು. ಮಲಯಾಳಂ ಮಾತನ್ನು ಪೋರ್ಚುಗೀಸಿಗೆ ತಂದವರು ಕೊಚ್ಚಿಯ ದುಭಾಷಿ ಇಮಾನುವೆಲ್ ಕಾರ್ನೈರೊ.

ಇನ್ನೊಂದು ಸಂಗತಿ ನಮ್ಮ ಮನಮುಟ್ಟುತ್ತದೆ. 1663ರಲ್ಲಿ ಕೊಚ್ಚಿಯನ್ನು ಗೆದ್ದ ಪ್ರೊಟೆಸ್ಟಂಟ್ ಡಚ್ಚರು ಕಥೋಲಿಕ ಮಿಷನರಿಗಳನ್ನು ಹೊರಗಟ್ಟಿದ್ದರು. ಹಾಗಿದ್ದೂ ಈ ಕಾರ್ಯದ ಆರಂಭದಲ್ಲಿ ನೆರವಾದವರು ಇಟಲಿಯ ಕಾರ್ಮೆಲ್ ಸಭೆಯ ಗುರು ಸಂತ ಜೋಸೆಫರ ಮತ್ತಾಯರು. ಮೊದಲ ಸಂಪುಟಗಳ ಲ್ಯಾಟಿನ್ ಬರಹಕ್ಕೆ ದುಡಿದವರು ಡಚ್ ಪಾಸ್ಟರ್ ಕಸೇರಿಯುಸ್. ಜಗಳವಾಡುತ್ತಿದ್ದ ಎರಡು ಸಭೆಗಳವರು ಗಿಡಗಳ ಮುಂದೆ ಜೊತೆಯಾದರು.

ಇಟ್ಟಿ ಅಚ್ಯುತನ್ 1675ರಲ್ಲಿ ತಮ್ಮ ಲಿಪಿಯಲ್ಲೇ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿದೆ. ಅದು ಇಲ್ಲದಿದ್ದರೆ ಆ ವೈದ್ಯರ ಹೆಸರು ಇಂದು ಯಾರಿಗೆ ತಿಳಿಯುತ್ತಿತ್ತು? ಭಾರತಕ್ಕೆ ಎಂದೂ ಬಾರದ ಸ್ವೀಡನ್ನಿನ ಲಿನೇಯಸ್ ನಮ್ಮ ಕಡೆಯ ಅನೇಕ ಸಸ್ಯಗಳಿಗೆ ವೈಜ್ಞಾನಿಕ ಹೆಸರಿಡುವಾಗ ನೆಚ್ಚಿಕೊಂಡದ್ದು ಈ ಗ್ರಂಥವನ್ನೇ.

ಇಷ್ಟಾದರೂ ಲ್ಯಾಟಿನ್ ಬಾರದ ಮಲಬಾರಿನ ಜನರಿಗೆ ಇದು ಮುಚ್ಚಿದ ಪುಸ್ತಕವಾಗಿಯೇ ಉಳಿದಿತ್ತು. ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ಶ್ರಮಿಸಿ ಅದನ್ನು ಅನುವಾದಿಸಿದರು. ಕೇರಳ ವಿಶ್ವವಿದ್ಯಾಲಯವು 2003ರಲ್ಲಿ ಇಂಗ್ಲಿಷ್, 2008ರಲ್ಲಿ ಮಲಯಾಳಂ ಆವೃತ್ತಿಯನ್ನು ಪ್ರಕಟಿಸಿತು. 2025ರ ಜನವರಿ 1ರಂದು ಅವರು ತೀರಿಕೊಂಡರು.

ನಮ್ಮ ಮನೆಗಳಲ್ಲಿಯೂ ಬೇರು, ಸೊಪ್ಪು, ತೊಗಟೆಗಳ ಗುಣ ಬಲ್ಲ ಹಿರಿಯರಿದ್ದಾರೆ. ಕಾಯಿಲೆಗೆ ವೈದ್ಯರ ಬಳಿಗೆ ಹೋಗೋಣ. ಆದರೆ ಹಿರಿಯರ ಅರಿವು ಅವರೊಂದಿಗೇ ಮಣ್ಣುಪಾಲಾಗುವುದು ಬೇಡ. ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಅಜ್ಜ-ಅಜ್ಜಿಯ ಬಳಿ ಕುಳಿತುಕೊಳ್ಳಲಿ, ಗಿಡದ ಹೆಸರಿನ ಪಕ್ಕದಲ್ಲಿ ಹೇಳಿಕೊಟ್ಟವರ ಹೆಸರನ್ನೂ ಬರೆಯಲಿ.