ಭಿಕ್ಷೆಗೆ ಒದಗದ ಕೈ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೈ ಆಪರೇಷನ್ ಮಾಡಿಸಿಕೊಂಡಿದ್ದ ಕುಷ್ಠರೋಗಿಯೊಬ್ಬ ಡಾಕ್ಟರ್ ಬಳಿ ದೂರು ತಂದ. ಬೆರಳೇನೋ ನೆಟ್ಟಗಾಗಿದೆ, ಆದರೆ ಭಿಕ್ಷೆ ಹುಟ್ಟುತ್ತಿಲ್ಲ. ಮುರುಟಿದ ಕೈ ನೋಡಿ ಕಾಸು ಹಾಕುತ್ತಿದ್ದವರು ಈಗ ಹಾಕುವುದಿಲ್ಲ. ರೋಗದ ಹೆಸರು ಅಂಟಿಕೊಂಡವನಿಗೆ ಕೂಲಿ ಕೊಡುವವರೂ ಇಲ್ಲ. ಡಾ. ಪಾಲ್ ಬ್ರ್ಯಾಂಡ್ ಈ ಪ್ರಸಂಗವನ್ನು ಮುಂದೆ ಹಲವು ಸಲ ನೆನೆದರು.

ಮಿಷನರಿ ದಂಪತಿಯ ಮಗನಾಗಿ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಬ್ರ್ಯಾಂಡ್, ಲಂಡನ್ನಿನಲ್ಲಿ ವೈದ್ಯಕೀಯ ಕಲಿತು 1946ರಲ್ಲಿ ವೆಲ್ಲೂರಿಗೆ ಬಂದರು. ಮರುವರ್ಷ ಅವರನ್ನು ಕುಷ್ಠತಜ್ಞ ಡಾ. ರಾಬರ್ಟ್ ಕಾಕ್ರೇನ್ ಚೆಂಗಲ್ಪಟ್ಟಿನ ಕುಷ್ಠಾಸ್ಪತ್ರೆಗೆ ಕರೆಸಿಕೊಂಡರು. ಅಲ್ಲಿ ಮುರುಟಿದ ಕೈಯೊಂದನ್ನು ಕುಲುಕಿದಾಗ ಬ್ರ್ಯಾಂಡ್ ಬೆಚ್ಚಿದರು. ಹಿಡಿತ ನೋಯುವಷ್ಟು ಬಿಗಿ! ಅಂದರೆ ಮುಂಗೈಯ ಸ್ನಾಯುಗಳಿಗೆ ಏನೂ ಆಗಿಲ್ಲ.

ಕುಷ್ಠದ ರೋಗಾಣುವಿಗೆ ಮೈಯ ತಂಪು ಜಾಗಗಳೇ ಬೇಕು. ಮೊಣಕೈ ಹತ್ತಿರ ಚರ್ಮದ ಕೆಳಗೇ ಹಾಯುವ ಅಲ್ನಾರ್ ನರ ಅಲ್ಲಿ ಊದಿ ಕೆಡುತ್ತದೆ. ಅದನ್ನೇ ನಂಬಿಕೊಂಡ ಹಸ್ತದ ಸಣ್ಣ ಸ್ನಾಯುಗಳು ಸೊರಗಿ ಬೆರಳು ಮುರುಟುತ್ತವೆ. ಮುಂಗೈಯಲ್ಲಿ ಆಳವಾಗಿ ಸಾಗುವ ಮೀಡಿಯನ್ ನರದ ಸ್ನಾಯುಗಳು ಮಾತ್ರ ಗಟ್ಟಿಯಾಗಿಯೇ ಇರುತ್ತವೆ. ಬೆರಳು ಮಡಚಲು ಮುಂಗೈಯಿಂದ ಎರಡೆರಡು ಸ್ನಾಯುರಜ್ಜುಗಳು ಬರುತ್ತವೆ. ಜೋಡಿ ಎತ್ತಿನಲ್ಲಿ ಒಂದನ್ನು ಬಿಚ್ಚಿ ಬೇರೆ ಹೊಲಕ್ಕೆ ಹೂಡಿದ ಹಾಗೆ, ಅವುಗಳಲ್ಲೊಂದನ್ನು ಬಿಡಿಸಿ ಸೋತ ಸ್ನಾಯುವಿನ ಕೆಲಸಕ್ಕೆ ಹಚ್ಚಬಹುದು. ಮುಂದೆ ಬ್ರ್ಯಾಂಡ್ ಮಣಿಕಟ್ಟು ಎತ್ತುವ ಸ್ನಾಯುವೊಂದನ್ನೂ ಹೀಗೆ ದುಡಿಸಿಕೊಂಡರು. ಅದು ಬೆರಳಿಗೆ ಎಟುಕದಿದ್ದಾಗ ಕಾಲಿನಿಂದ ತೆಗೆದ ರಜ್ಜು ಜೋಡಿಸಿದರು.

ಉಪಾಯ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ರೇಡಿಯಲ್ ನರ ಹರಿದುಹೋದ ಸೈನಿಕರಿಗೆ ರಾಬರ್ಟ್ ಜೋನ್ಸ್ ಇಂಥದ್ದನ್ನೇ ಮಾಡಿದ್ದರು. ಆದರೆ ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಕೊಯ್ದರೆ ಮಾಯುವುದಿಲ್ಲ ಎಂಬುದು ವೈದ್ಯರಲ್ಲೂ ಬೇರೂರಿದ್ದ ನಂಬಿಕೆ. ಬ್ರ್ಯಾಂಡ್ ಕೊಯ್ದು ನೋಡಿದಾಗ ಆಪರೇಷನ್ ಗಾಯ ಎಲ್ಲರಲ್ಲಿ ಮಾಯುವಂತೆ ಕುಷ್ಠರೋಗಿಗಳಲ್ಲೂ ಮಾಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ, ಬೆರಳು ಮಡಚುತ್ತಿದ್ದ ಸ್ನಾಯುವಿಗೆ ಬೇರೆ ಕೆಲಸ ಕಲಿಸಬೇಕು, ದಿನವೂ ಅಭ್ಯಾಸ.

ಶಸ್ತ್ರಚಿಕಿತ್ಸೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಕಿರಿಕಿರಿಯಾಗುವುದು ಇದಕ್ಕೇ. ಭಿಕ್ಷುಕನ ದೂರಿಗೆ ಉತ್ತರ ಸಿಕ್ಕಿದ್ದು ಆಪರೇಷನ್ ಥಿಯೇಟರಿನಲ್ಲಲ್ಲ, ಆಪರೇಷನ್ ಆದವರಿಗೆಂದು ಕಾಲೇಜಿನ ಆವರಣದಲ್ಲಿ ಕಟ್ಟಿದ ಗುಡಿಸಲುಗಳಲ್ಲಿ. ಅಲ್ಲಿ ಅವರು ಬಡಗಿ ಕೆಲಸ ಕಲಿತರು, ಮರದ ಆಟಿಕೆ ಮಾಡಿದರು.

ಕುಷ್ಠರೋಗಿಗಳ ಬೆರಳು ಕಳೆದುಹೋಗುವ ಗುಟ್ಟು ಬಯಲಾಗಿದ್ದೂ ಅವರ ನಡುವೆಯೇ. ತುಕ್ಕು ಹಿಡಿದ ಬೀಗವೊಂದು ಬ್ರ್ಯಾಂಡ್ ಕೈಗೆ ಜಗ್ಗಲಿಲ್ಲ. ರೋಗಿ ಹುಡುಗನೊಬ್ಬ ಕೀಲಿ ತಿರುಗಿಸಿ ತೆರೆದೇಬಿಟ್ಟ. ಬೆರಳು ಮೂಳೆ ಕಾಣುವಷ್ಟು ಸೀಳಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಬೆರಳು ಕೊಳೆತು ಉದುರುತ್ತಿರಲಿಲ್ಲ; ನೋವು ತಿಳಿಯದೆ ಸವೆಯುತ್ತಿತ್ತು. ರಾತ್ರೋರಾತ್ರಿ ಮಾಯವಾಗುತ್ತಿದ್ದ ಬೆರಳುಗಳ ಜಾಡು ಹಿಡಿದಾಗ ಸಿಕ್ಕಿದ್ದು ಇಲಿಗಳು. ಆಮೇಲೆ ಮನೆಗೆ ಹೊರಟ ರೋಗಿಗಳ ಜೊತೆ ಬೆಕ್ಕನ್ನೂ ಕೊಟ್ಟು ಕಳಿಸುವುದು ಶುರುವಾಯಿತು.