ಕಡ ತಂದ ಹಾಡು, ಕಡಲಾಚೆಯ ಕೀರ್ತಿ

ಒಂದು ದೇಶದ ಸಂಗೀತವು ಮತ್ತೊಂದು ದೇಶದಲ್ಲಿ ಮನ್ನಣೆ ಪಡೆಯುವುದು ಹೊಸ ಸಂಗತಿಯೇನಲ್ಲ. ಆದರೆ ೧೯೬೪ರಲ್ಲಿ ಇಂಗ್ಲೆಂಡಿನ ಯುವಕರು ಅಮೆರಿಕದಲ್ಲಿ ಗಳಿಸಿದ ಕೀರ್ತಿಗೆ ಒಂದು ವೈಶಿಷ್ಟ್ಯವುಂಟು. ಅವರು ಅಲ್ಲಿಗೆ ಒಯ್ದುದು ಬಹುಮಟ್ಟಿಗೆ ಅಮೆರಿಕದ್ದೇ ಸರಕು!

ಆ ವರ್ಷದ ಫೆಬ್ರುವರಿ ೭ರಂದು ಲಿವರ್‌ಪೂಲಿನ ಬೀಟಲ್ಸ್ ತಂಡದ ನಾಲ್ವರು ನ್ಯೂಯಾರ್ಕಿನಲ್ಲಿ ವಿಮಾನದಿಂದಿಳಿದರು. ಎರಡು ದಿನಗಳ ತರುವಾಯ ಎಡ್ ಸಲಿವನ್ನರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಅವರನ್ನು ಕಂಡವರು ಸುಮಾರು ೭ ಕೋಟಿ ೩೦ ಲಕ್ಷ ಮಂದಿ. ಏಪ್ರಿಲ್ ೪ರ 'ಬಿಲ್‌ಬೋರ್ಡ್' ಪಟ್ಟಿಯಲ್ಲಿ ಮೊದಲ ಐದು ಸ್ಥಾನಗಳೂ ಅವರ ಹಾಡುಗಳವೇ. ಬೆನ್ನಲ್ಲೇ ರೋಲಿಂಗ್ ಸ್ಟೋನ್ಸ್, ಆನಿಮಲ್ಸ್ ಮೊದಲಾದ ತಂಡಗಳೂ ಸಾಗರ ದಾಟಿದವು. ಇದಕ್ಕೆ 'ಬ್ರಿಟಿಷ್ ದಾಳಿ' ಎಂದೇ ಹೆಸರಾಯಿತು.

ಈ ದಾಳಿಯ ಆಯುಧವೆಲ್ಲಿಯದು? ಮಿಸಿಸಿಪ್ಪಿಯ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ನೋವಿನ ಹಾಡು 'ಬ್ಲೂಸ್'. ಕೆಲಸವನ್ನರಸಿ ಅವರು ಶಿಕಾಗೋ ನಗರಕ್ಕೆ ಬಂದಾಗ ಅದು ವಿದ್ಯುತ್ ಗಿಟಾರನ್ನು ಸೇರಿತು. ವರ್ಣಭೇದದಿಂದ ಒಡೆದಿದ್ದ ಅಮೆರಿಕದಲ್ಲಿ ಅನೇಕ ಬಿಳಿಯ ತರುಣರ ಕಿವಿಗೆ ಅದು ಬಿದ್ದೇ ಇರಲಿಲ್ಲ. ಇಂಗ್ಲೆಂಡಿನ ಹುಡುಗರಾದರೋ ಗ್ರಾಮಾಫೋನ್ ತಟ್ಟೆಗಳನ್ನೇ ಗುರುವಾಗಿಸಿಕೊಂಡು ಅದನ್ನು ಕಲಿತರು. ರೋಲಿಂಗ್ ಸ್ಟೋನ್ಸ್ ಎಂಬ ಹೆಸರೇ ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ ಬಂದುದು.

ಋಣವನ್ನು ನೆನೆದವರುಂಟು. ೧೯೬೪ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ಲಿನಲ್ಲಿ, ಬಣ್ಣದ ಮೇಲೆ ಬೇರೆ ಬೇರೆ ಕೂರಿಸಿದ ಸಭಿಕರ ಮುಂದೆ ತಾವು ಹಾಡುವುದಿಲ್ಲವೆಂದು ಬೀಟಲ್ಸ್ ಖಂಡಿತವಾಗಿ ಹೇಳಿದರು. ಎಲ್ಲರೂ ಒಟ್ಟಿಗೆ ಕುಳಿತ ಸಭೆಯಲ್ಲೇ ಹಾಡಿದರು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಹಟ ಹಿಡಿದು, ಹೌಲಿಂಗ್ ವುಲ್ಫ್ ಎಂಬ ಹಿರಿಯ ಬ್ಲೂಸ್ ಗಾಯಕರನ್ನು ಅಮೆರಿಕದ ಟೆಲಿವಿಷನ್ನಿಗೆ ಕರೆಸಿ, ತಾವು ಅವರ ಕಾಲ ಬಳಿ ಕುಳಿತು ಕೇಳಿದರು.

ಮರೆತವರೂ ಉಂಟು. ಲೆಡ್ ಜೆಪ್ಪೆಲಿನ್ ತಂಡದ ೧೯೬೯ರ ಪ್ರಸಿದ್ಧ ಹಾಡೊಂದರಲ್ಲಿ ತಮ್ಮ ಸಾಹಿತ್ಯವಿದೆಯೆಂದು ಶಿಕಾಗೋದ ವಿಲ್ಲಿ ಡಿಕ್ಸನ್ ೧೯೮೫ರಲ್ಲಿ ದಾವೆ ಹೂಡಬೇಕಾಯಿತು. ೧೯೮೭ರಲ್ಲಿ ರಾಜಿಯಾಗಿ, ಮುಂದೆ ಅವರ ಹೆಸರೂ ಸೇರಿತು.

ಕಡ ಪಡೆಯುವುದು ತಪ್ಪೆಂದು ನಾನು ಹೇಳಲಾರೆ. ಕೊಡುಕೊಳ್ಳುವಿಕೆಯಿಲ್ಲದೆ ಯಾವ ಸಂಗೀತವೂ ಬೆಳೆಯದು. ಆದರೆ ನಮ್ಮ ದಾಸರ ಪದಗಳನ್ನು ನೋಡಿ: ಯಾರೇ ಹಾಡಲಿ, ಕೊನೆಯಲ್ಲಿ 'ಪುರಂದರವಿಠಲ' ಎಂಬ ಅಂಕಿತ ಬರಲೇಬೇಕು. ಹಾಡಿದವನಿಗೆ ಚಪ್ಪಾಳೆ, ಕಟ್ಟಿದವನಿಗೆ ಹೆಸರು. ಬ್ಲೂಸ್ ಕಟ್ಟಿದವರಿಗೆ ಅಂಥ ಅಂಕಿತವಿರಲಿಲ್ಲ. ಆದ್ದರಿಂದಲೇ ಅವರ ಹೆಸರು ಹೇಳುವ ಹೊಣೆ ಹಾಡುವವರ ಮೇಲೂ ಕೇಳುವ ನಮ್ಮ ಮೇಲೂ ಇದೆ.